ಐದನೇ ಬೌಲರ್ ಯಾರು?



ಕರ್ನಾಟಕ ರಣಜಿ ಟ್ರೋಫಿಯ ಫೈನಲ್‌ಗೆ ಬಂತು ಅನ್ನುವ ಸುದ್ದಿ ಕಿವಿಗೆ ಬಿದ್ದರೆ ಸಾಕು, ನಮ್ಮೂರು ಅಳ್ನಾವರದಲ್ಲಿ ಆಯ್ಕೆ ಸಮಿತಿಗಳು ತಾವಾಗಿಯೇ ಕೂಡುತ್ತವೆ. ಒಂದು ಸಮಿತಿ ಚಹಾದಂಗಡಿಯ ಬೆಂಚಿನ ಮೇಲೆ, ಇನ್ನೊಂದು ಕಟಿಂಗ್ ಅಂಗಡಿಯಲ್ಲಿ. ಲೋಂಡಾ ಕಡೆಯ ಗಾಡಿ ತಡವಾಯಿತೋ, ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲೇ ಮೂರನೆಯದು. ಈ ಸಮಿತಿಗಳಿಗೆ ಭತ್ಯೆ ಇಲ್ಲ, ಅಧ್ಯಕ್ಷರಿಲ್ಲ, ಕೊನೆಯ ತೀರ್ಮಾನ ಅನ್ನುವುದಂತೂ ಇಲ್ಲವೇ ಇಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಎಲ್ಲ ಸಮಿತಿಗಳೂ ಒಂದೇ ಮಾತು ಆಡುತ್ತವೆ. ಹನ್ನೊಂದು ಹೆಸರು ಬರೆಯುತ್ತ ಬರೆಯುತ್ತ ಏಳನೇ ಜಾಗಕ್ಕೆ ಬಂದು ನಿಂತಾಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಇಲ್ಲೊಬ್ಬ ಬ್ಯಾಟ್ಸ್‌ಮನ್ ಹೆಚ್ಚಿಗಿ ಇರ್ಲಿ ಬಿಡ್ರಿ ಕಾಕಾ. ಫೈನಲ್ ಐತಿ."

ಈ 'ಫೈನಲ್ ಐತಿ' ಅನ್ನುವ ಎರಡು ಮಾತಿನೊಳಗೆ ಹೆದರಿಕೆ ಇದೆ. ಲೀಗ್ ಪಂದ್ಯಗಳಲ್ಲಿ ಐದು ಬೌಲರುಗಳನ್ನು ಆಡಿಸಿ ಗೆದ್ದುಕೊಂಡು ಬಂದ ತಂಡಕ್ಕೆ ಕೂಡ, ಕೊನೆಯ ಮೆಟ್ಟಿಲಲ್ಲಿ ನಾವು ಒಬ್ಬ ಬೌಲರನನ್ನು ಕಡಿಮೆ ಮಾಡಿ ಬ್ಯಾಟಿಂಗ್ ಗಟ್ಟಿ ಮಾಡಲು ಹೊರಡುತ್ತೇವೆ. ಇವತ್ತು ನಾನು ಮಾತಾಡಬೇಕೆಂದಿರುವುದು ಇದರ ವಿರುದ್ಧ. ನಾನು ದೊಡ್ಡ ಮೈದಾನದಲ್ಲಿ ಆಡಿದವನಲ್ಲ, ರೇಡಿಯೋ ಕೇಳಿ ಬೆಳೆದವನು. ಹೀಗಾಗಿ ನನ್ನ ಮಾತನ್ನು ಒಬ್ಬ ಅಭಿಮಾನಿಯ ತಕರಾರು ಎಂದೇ ತಿಳಿದುಕೊಳ್ಳಿರಿ. ತಕರಾರಿಗೆ ಆಧಾರವಾಗಿ ಮಾತ್ರ ಕರ್ನಾಟಕ ಆಡಿದ ಫೈನಲ್‌ಗಳನ್ನೇ ತಂದಿದ್ದೇನೆ.

ಮೊದಲು 1982ರ ದೆಹಲಿಗೆ ಹೋಗೋಣ. ಫಿರೋಜ್ ಷಾ ಕೋಟ್ಲಾ ಮೈದಾನ. 1981-82ರ ಋತುವಿನ ಫೈನಲ್, ಎದುರಾಳಿ ದೆಹಲಿ. ಕರ್ನಾಟಕ ಮೊದಲು ಬ್ಯಾಟ್ ಮಾಡಿ 705 ರನ್ ಹೊಡೆಯಿತು. ಏಳು ನೂರಾ ಐದು! ಆಗ ನಾನು ಶಾಲೆಗೆ ಹೋಗುವ ಹುಡುಗ. ಅಷ್ಟು ರನ್ ಆದ ಮೇಲೆ ಪಂದ್ಯ ಮುಗಿದೇ ಹೋಯಿತು ಎಂದು ಹಿರಿಯರು ರೇಡಿಯೋ ಕಿವಿ ಹಿಂಡಿ ಹೊಲಗದ್ದೆ ಕಡೆ ಹೊರಟರು. ಅವರ ಲೆಕ್ಕ ತಪ್ಪೆಂದು ಯಾರೂ ಹೇಳುವಂತಿರಲಿಲ್ಲ. ಪಂದ್ಯದಲ್ಲಿ ಎರಡೂ ತಂಡಗಳ ಎರಡೆರಡು ಇನ್ನಿಂಗ್ಸ್ ಮುಗಿಯದಿದ್ದರೆ ಮೊದಲ ಇನ್ನಿಂಗ್ಸ್‌ನಲ್ಲಿ ಮುನ್ನಡೆ ಪಡೆದವರಿಗೇ ಕಪ್ಪು. 705ನ್ನು ದಾಟುವವರು ಯಾರು?

ದೆಹಲಿ ದಾಟಿತು. ಮೊಹಿಂದರ್ ಅಮರನಾಥ್ 185 ಹೊಡೆದರು, ಗುರುಶರಣ್ ಸಿಂಗ್ ನೂರು ದಾಟಿದರು. ಆದರೂ 589ಕ್ಕೆ ಎಂಟು ವಿಕೆಟ್ ಬಿದ್ದಿದ್ದವು. ಇನ್ನೂ 117 ರನ್ ಬೇಕು, ಕೈಯಲ್ಲಿರುವುದು ಎರಡೇ ವಿಕೆಟ್. ಕ್ರೀಸಿನಲ್ಲಿ ನಿಂತವರು ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್. ಶುಕ್ಲಾ ಲೆಗ್ ಸ್ಪಿನ್ನರ್, ಪೀಟರ್ ಮಧ್ಯಮ ವೇಗಿ. ಇಬ್ಬರೂ ತಂಡಕ್ಕೆ ಬಂದದ್ದು ಚೆಂಡಿನ ಬಲದಿಂದ. ಈ ಇಬ್ಬರು ಔಟಾಗದೆ 118 ರನ್ ಸೇರಿಸಿದರು. ದೆಹಲಿ 8 ವಿಕೆಟ್‌ಗೆ 707. ಎರಡು ರನ್ನಿನ ಮುನ್ನಡೆ. ಕಪ್ಪು ದೆಹಲಿಗೆ.

ಆ ಸೋಲನ್ನು ನಮ್ಮ ಹಿರಿಯರು ದೈವದ ಮೇಲೆ ಹಾಕಿ ಸುಮ್ಮನಾದರು. ನನಗೆ ಹಾಗೆ ತೋರುವುದಿಲ್ಲ. ಸ್ಪಿನ್ನರುಗಳಾದ ಪ್ರಸನ್ನ ಮತ್ತು ಚಂದ್ರಶೇಖರ್ ಆ ಹೊತ್ತಿಗೆ ಕರ್ನಾಟಕದ ಪರವಾಗಿ ಆಡುವುದನ್ನು ಬಿಟ್ಟಿದ್ದರು. ರನ್ ಮಾಡುವ ಕೈಗಳು ಧಾರಾಳವಾಗಿದ್ದವು. ಕೊನೆಯ ಇಬ್ಬರನ್ನು ತೆಗೆಯುವ ಕೈ, ಅದೂ ದಣಿದ ಹೊತ್ತಿನಲ್ಲಿ, ಸಿಗಲಿಲ್ಲ. ಬಿತ್ತಲು ಆರು ಆಳು ಕರೆದು ಕೊಯ್ಲಿಗೆ ಯಾರಿಗೂ ಹೇಳದೆ ಕೂತ ಒಕ್ಕಲಿಗನ ಪಾಡು ಅದು. 705ರ ಮೇಲೆ ಇನ್ನೊಬ್ಬ ಬ್ಯಾಟ್ಸ್‌ಮನ್ ಇನ್ನೊಂದು ಐವತ್ತು ಹೊಡೆದಿದ್ದರೆ ಕಪ್ಪು ನಮ್ಮದಾಗುತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ಆಗುತ್ತಿತ್ತೇನೋ. ಆದರೆ ಏಳುನೂರು ರನ್ ಹೊಡೆದ ಮೇಲೂ ಇನ್ನೂ ಐವತ್ತು ಬೇಕು ಅನ್ನುವ ತಂಡದಲ್ಲಿ ಕೊರತೆ ಬ್ಯಾಟಿಂಗಿನದಲ್ಲ.

ಈಗ ಸ್ವಲ್ಪ ಕಾಗದ ಪೆನ್ಸಿಲಿನ ಲೆಕ್ಕ. ದಿನಕ್ಕೆ 90 ಓವರ್. ನಾಲ್ಕೇ ಬೌಲರುಗಳಿದ್ದರೆ ತಲೆಗೆ ಇಪ್ಪತ್ತೆರಡು ಓವರ್‌ಗಿಂತ ಹೆಚ್ಚು ಬೀಳುತ್ತದೆ. ಎದುರಾಳಿ ಎರಡು ದಿನ ಕಾಲೂರಿ ನಿಂತರೆ ನಲವತ್ತೈದು. ಐದು ಜನರಿದ್ದರೆ ದಿನಕ್ಕೆ ಹದಿನೆಂಟರಲ್ಲಿ ಮುಗಿಯುತ್ತದೆ. ನಾಲ್ಕು ಓವರ್ ಅಂದರೆ ಏನು ಮಹಾ ಎನ್ನಬಹುದು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ವೇಗಿಯೊಬ್ಬನಿಗೆ ಆ ನಾಲ್ಕು ಓವರ್ ಅಂದರೆ ಸಂಜೆಯ ಒಂದು ಪೂರ್ತಿ ಸ್ಪೆಲ್. ಎಂಬತ್ತು ಓವರ್ ಮುಗಿದ ಮೇಲೆ ಹೊಸ ಚೆಂಡು ಸಿಗುತ್ತದೆ. ಅದು ಕೈಗೆ ಬರುವುದು ಸಾಮಾನ್ಯವಾಗಿ ದಿನದ ಕೊನೆಯ ಹೊತ್ತಿಗೆ. ಹೊಸ ಚೆಂಡು ಇದೆ, ಎಸೆಯುವ ಭುಜದಲ್ಲಿ ಕಸುವಿಲ್ಲ ಅಂದರೆ ಅದರ ಹೊಳಪು ಯಾವ ಉಪಯೋಗಕ್ಕೆ? ಇನ್ನೊಂದು ವಿಷಯ: ಲೀಗ್ ಪಂದ್ಯ ನಾಲ್ಕು ದಿನದ್ದು, ಫೈನಲ್ ಐದು ದಿನದ್ದು. ಹೆಚ್ಚಿಗೆ ಸಿಗುವ ಆ ಒಂದು ದಿನ ಬೌಲರುಗಳ ದಿನ. ಲೀಗಿನಲ್ಲಿ ಐವರನ್ನು ಆಡಿಸಿ, ಒಂದು ದಿನ ಹೆಚ್ಚಾದ ಪಂದ್ಯಕ್ಕೆ ನಾಲ್ವರನ್ನು ಇಳಿಸುವುದು ಯಾವ ಶಾಣ್ಯಾತನವೋ ನನಗಂತೂ ತಿಳಿದಿಲ್ಲ.

ಐದನೇ ಬೌಲರ್ ಎಂದರೆ ಪ್ರತಿ ಸಲವೂ ಪೂರ್ತಿ ಬೌಲರನೇ ಆಗಬೇಕೆಂದಿಲ್ಲ. ಇದಕ್ಕೆ 1999ರ ಏಪ್ರಿಲಿನ ಬೆಂಗಳೂರು ಸಾಕ್ಷಿ. ಚಿನ್ನಸ್ವಾಮಿ ಕ್ರೀಡಾಂಗಣ, ಎದುರಿಗೆ ಚಂದ್ರಕಾಂತ್ ಪಂಡಿತರ ಮಧ್ಯಪ್ರದೇಶ. ಕರ್ನಾಟಕದ ಮೊದಲ ಇನ್ನಿಂಗ್ಸ್ 304, ಅವರದು 379. ಎಪ್ಪತ್ತೈದು ರನ್ ಹಿಂದೆ ಬಿದ್ದಾಯಿತು. ಅಲ್ಲಿಂದ ಮುಂದೆ ಮಧ್ಯಪ್ರದೇಶಕ್ಕೆ ಗೆಲುವೇ ಬೇಕಾಗಿರಲಿಲ್ಲ, ಡ್ರಾ ಆದರೂ ಕಪ್ಪು ಅವರದು. ಕರ್ನಾಟಕ ಎರಡನೇ ಇನ್ನಿಂಗ್ಸ್‌ನಲ್ಲಿ 321 ಮಾಡಿ 247ರ ಗುರಿ ಇಟ್ಟಿತು. ಕೊನೆಯ ದಿನ ಅವರು ಮಾಡಬೇಕಾದದ್ದು ನಿಲ್ಲುವುದೊಂದೇ.

ಆ ಹೊತ್ತಿಗೆ ಚೆಂಡು ಹಿಡಿದು ಬಂದವರು ವಿಜಯ್ ಭಾರದ್ವಾಜ್. ಕನ್ನಡಕ ಹಾಕಿಕೊಂಡು ಆಡುತ್ತಿದ್ದ ಆ ಹುಡುಗನನ್ನು ನಾವೆಲ್ಲ ಗುರುತಿಸುತ್ತಿದ್ದದ್ದು ಬ್ಯಾಟ್ಸ್‌ಮನ್ ಎಂದು. ಆ ಋತುವಿಡೀ ರನ್ ಹೊಡೆದೇ ಹೊಡೆದಿದ್ದರು. ಆಫ್ ಸ್ಪಿನ್ ಅವರ ಪಕ್ಕದ ಕಸುಬು. ಆ ಪಕ್ಕದ ಕಸುಬಿನಲ್ಲಿ ಅವತ್ತು 24 ರನ್‌ಗೆ ಆರು ವಿಕೆಟ್ ಬಂದವು. ಮಧ್ಯಪ್ರದೇಶ 150ಕ್ಕೆ ಮುಗಿಯಿತು, 96 ರನ್‌ಗಳಿಂದ ಕರ್ನಾಟಕ ಗೆದ್ದಿತು. ಸೋತ ನಾಯಕ ಪಂಡಿತರು ಇಪ್ಪತ್ತಮೂರು ವರ್ಷದ ನಂತರ, 2022ರಲ್ಲಿ, ಕೋಚ್ ಆಗಿ ಅದೇ ಮಧ್ಯಪ್ರದೇಶವನ್ನು ಅದೇ ಚಿನ್ನಸ್ವಾಮಿಗೆ ಕರೆತಂದು, ಮುಂಬಯಿಯನ್ನು ಸೋಲಿಸಿ ಕಪ್ಪು ಗೆದ್ದು ಕಣ್ಣೀರು ಹಾಕಿದ್ದನ್ನು ನೀವು ಟಿವಿಯಲ್ಲಿ ನೋಡಿರಬಹುದು. ಅದು ಬೇರೆ ಕಥೆ.

ನನ್ನ ಮಾತು ಇಷ್ಟು: ಏಳನೇ ಜಾಗಕ್ಕೆ ಬ್ಯಾಟ್ಸ್‌ಮನ್ ಬೇಕೆಂದು ಹಟ ಹಿಡಿಯುವವರು ಕನಿಷ್ಠ ಭಾರದ್ವಾಜರಂಥ ಬ್ಯಾಟ್ಸ್‌ಮನ್ನನ್ನು ಕೇಳಲಿ. ಬರೀ ಬ್ಯಾಟಷ್ಟೇ ಹಿಡಿಯಬಲ್ಲ ಏಳನೆಯವನು ಎದುರಾಳಿ ಆಡುತ್ತಿರುವಷ್ಟು ಹೊತ್ತೂ ಫೀಲ್ಡಿನಲ್ಲಿ ನಿಲ್ಲುವ ಗೂಟ.

ಈಗ ನನ್ನ ವಾದಕ್ಕೆ ಅಡ್ಡ ಬರುವ ಪಂದ್ಯವನ್ನೂ ಮುಚ್ಚಿಡದೆ ಹೇಳಬೇಕು. 2010ರ ಜನವರಿ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್. ಎದುರಿಗೆ ಮುಂಬಯಿ. ಅವರ ಮೊದಲ ಇನ್ನಿಂಗ್ಸ್ 233, ನಮ್ಮದು ಬರೀ 130. ಎರಡನೇ ಸಲ ಅವರು 234. ನಮಗೆ ಗುರಿ 338. ಮನೀಶ್ ಪಾಂಡೆ 144 ಹೊಡೆದರು, ಗಣೇಶ್ ಸತೀಶ್ 75. ಆ ಇಬ್ಬರು ಆಡುತ್ತಿದ್ದಾಗ ಕಪ್ಪು ಮೈಸೂರಿನಲ್ಲೇ ಉಳಿಯುತ್ತದೆ ಎಂದು ಇಡೀ ರಾಜ್ಯ ನಂಬಿತ್ತು. ಆಮೇಲೆ ಅಜಿತ್ ಅಗರ್ಕರ್ ಐದು ವಿಕೆಟ್ ತೆಗೆದರು, ನಾವು 331ಕ್ಕೆ ಮುಗಿದೆವು. ಆರು ರನ್‌ಗಳ ಸೋಲು. ಆ ಸಂಜೆ ನಮ್ಮ ಚಹಾದಂಗಡಿಯ ಸಮಿತಿಯ ತೀರ್ಪು ಒಂದೇ ಸಾಲಿನದು: "ಒಬ್ಬ ಬ್ಯಾಟ್ಸ್‌ಮನ್ ಕಡಿಮಿ ಬಿತ್ತು."

ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮುಂಬಯಿಯಂಥ ತಂಡವನ್ನು ಎರಡೂ ಸಲ ಇನ್ನೂರ ಮೂವತ್ತರ ಆಸುಪಾಸಿನಲ್ಲಿ ಮುಗಿಸಿದವರು ಬೌಲರುಗಳು. ಎರಡನೇ ಇನ್ನಿಂಗ್ಸ್‌ನಲ್ಲಿ ಅಭಿಮನ್ಯು ಮಿಥುನ್ ಒಬ್ಬರೇ ಆರು ವಿಕೆಟ್ ತೆಗೆದರು. ಅವರು ಹಾಗೆ ತೆಗೆಯದೆ ಹೋಗಿದ್ದರೆ ಮೊದಲ ಇನ್ನಿಂಗ್ಸ್‌ನ 130ಕ್ಕೆ ಪಂದ್ಯ ಅಲ್ಲಿಗೇ ಮುಗಿದಿತ್ತು, ಆರು ರನ್ನಿನ ದುಃಖಕ್ಕೂ ನಾವು ತಲುಪುತ್ತಿರಲಿಲ್ಲ. ಆ 130 ಇದ್ದ ಬ್ಯಾಟ್ಸ್‌ಮನ್ನರೇ ಮಾಡಿಕೊಂಡ ಎಡವಟ್ಟು. ಸಂಖ್ಯೆ ಹೆಚ್ಚಿಸಿದರೆ ಅದಕ್ಕೆ ಮದ್ದಾಗುವುದಿಲ್ಲ.

ಎಷ್ಟು ಬೌಲರ್ ಅನ್ನುವುದು ತೀರ್ಮಾನವಾದ ಮೇಲೆ ಎಂಥ ಬೌಲರ್ ಅನ್ನುವ ಪ್ರಶ್ನೆ ಬರುತ್ತದೆ. ನಮ್ಮ ಧಾರವಾಡ ಜಿಲ್ಲೆಯವರಿಗೆ ಇದನ್ನು ಮಣ್ಣಿನಿಂದ ಶುರು ಮಾಡಿ ಹೇಳಬಹುದು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಎರೆಯ ಕಪ್ಪು ಭೂಮಿ. ಅಳ್ನಾವರ, ಕಲಘಟಗಿಯ ಕಡೆ ಬಂದರೆ ಮಸಾರಿಯ ಕೆಂಪು ಮಣ್ಣು, ಭತ್ತದ ಗದ್ದೆ, ಕಾಡಿನ ಅಂಚು. ಎರೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಹಸಿಯಿದ್ದಾಗ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಕ್ರಿಕೆಟ್ ಪಿಚ್ಚಿನಲ್ಲೂ ಈ ಎರಡು ಮಣ್ಣಿನ ಗುಣ ಬೇರೆ ಬೇರೆ. ಕಪ್ಪು ಮಣ್ಣಿನ ಪಿಚ್ ಒತ್ತಾಗಿ ಹಿಡಿದುಕೊಂಡಿರುತ್ತದೆ, ಚೆಂಡು ನಿಧಾನಕ್ಕೆ, ತಗ್ಗಿಗೆ ಬರುತ್ತದೆ. ಕೆಂಪು ಮಣ್ಣಿನಲ್ಲಿ ಚೆಂಡು ಪುಟಿಯುತ್ತದೆ, ಬಿಸಿಲು ಬಿದ್ದಂತೆ ಮೇಲ್ಪದರ ಬೇಗ ಪುಡಿಯಾಗಿ ಸ್ಪಿನ್ನರಿಗೆ ಅನುಕೂಲವಾಗುತ್ತದೆ. ಮುಂಬಯಿಯ ವಾಂಖೆಡೆ ಕೆಂಪು ಮಣ್ಣಿಗೆ ಹೆಸರಾದದ್ದು. ಅಹಮದಾಬಾದಿನ ದೊಡ್ಡ ಮೈದಾನದಲ್ಲಿ ಎರಡೂ ಬಗೆಯ ಪಿಚ್‌ಗಳಿವೆ, ಯಾವುದರ ಮೇಲೆ ಆಡಿಸುತ್ತಾರೆ ಅನ್ನುವುದು ಗೊತ್ತಾಗುವ ತನಕ ತಂಡ ಕಟ್ಟಲು ಬರುವುದಿಲ್ಲ. ನಮ್ಮ ಸಮಿತಿಗೆ ಒಮ್ಮೆ ಒಬ್ಬ ರೈತ ಬಂದು ಕೂತಿದ್ದ. ಎಲ್ಲರೂ ಹೆಸರಿನ ಮೇಲೆ ಹೆಸರು ಹೇಳುತ್ತಿದ್ದಾಗ ಅವನು ಕೇಳಿದ್ದು ಒಂದೇ ಮಾತು: "ಅಲ್ಲಿ ನೆಲ ಎಂಥಾದ್ದೈತ್ರಿ?" ಆ ಕೂಟದಲ್ಲಿ ಆಯ್ಕೆಗಾರನಾಗಲು ಯೋಗ್ಯನಾದವನು ಅವನೊಬ್ಬನೇ ಎಂದು ನನಗೆ ಅನಿಸಿತು.

ಮಣ್ಣಾದ ಮೇಲೆ ಕೈ. ಎಡಗೈ, ಬಲಗೈ. ಎಡಗೈ ಸ್ಪಿನ್ನರನ ಚೆಂಡು ಬಲಗೈ ಬ್ಯಾಟ್ಸ್‌ಮನ್ನನಿಂದ ದೂರಕ್ಕೆ ತಿರುಗುತ್ತದೆ. ತಿರುಗುವ ಪಿಚ್ಚಿನಲ್ಲಿ ಇದು ಪ್ರಾಣಸಂಕಟ. 1981-82ರ ಅದೇ ಋತುವಿನ ಸೆಮಿಫೈನಲ್ ಬೆಂಗಳೂರಿನಲ್ಲಿ ಮುಂಬಯಿಯ ಮೇಲೆ ನಡೆದಾಗ ಎಡಗೈ ಸ್ಪಿನ್ನರ್ ರಘುರಾಮ ಭಟ್ ಮೊದಲ ಇನ್ನಿಂಗ್ಸ್‌ನಲ್ಲಿ ಎಂಟು ವಿಕೆಟ್ ಕಿತ್ತರು, ಅದರಲ್ಲೊಂದು ಹ್ಯಾಟ್ರಿಕ್. ಎರಡನೇ ಇನ್ನಿಂಗ್ಸ್‌ಗೆ ಸುನಿಲ್ ಗವಾಸ್ಕರ್ ಬಂದರು. ಜಗತ್ತಿನ ಎಲ್ಲ ವೇಗಿಗಳನ್ನೂ ನೆಟ್ಟಗೆ ನಿಂತು ಎದುರಿಸಿದ ಆ ಮನುಷ್ಯ, ಭಟ್ ಬೌಲ್ ಮಾಡಲು ಬಂದಾಗ ಎಡಗೈ ಬ್ಯಾಟ್ಸ್‌ಮನ್ನನಂತೆ ತಿರುಗಿ ನಿಂತರು! ಉಳಿದವರು ಬೌಲ್ ಮಾಡಿದಾಗ ಮತ್ತೆ ಬಲಗೈ. ಎಡಗೈಯಲ್ಲಿ ನಿಂತರೆ ತಿರುಗುವ ಚೆಂಡು ಹೊರಗೆ ಹೋಗುವುದಿಲ್ಲ, ಒಳಗೆ ಬರುತ್ತದೆ, ಮೈಮೇಲೆ ಬಂದರೂ ಔಟಾಗುವುದಿಲ್ಲ ಎಂಬುದು ಅವರ ಎಣಿಕೆ. ಕರ್ನಾಟಕವನ್ನು ಅಣಕಿಸಿದರೆಂದು ಆಗ ಸಿಟ್ಟಾದವರೂ ಇದ್ದರು. ನಾನಾದರೆ ಅದನ್ನು ಒಬ್ಬ ಬೌಲರನಿಗೆ ಸಿಕ್ಕ ಅತಿ ದೊಡ್ಡ ಮರ್ಯಾದೆ ಎನ್ನುತ್ತೇನೆ. ಪಂದ್ಯ ಉಳಿಸಿಕೊಂಡು ಗವಾಸ್ಕರ್ ಔಟಾಗದೆ ಹೊರಗೆ ಬಂದರು, ಫೈನಲ್‌ಗೆ ಮಾತ್ರ ಕರ್ನಾಟಕ ಹೋಯಿತು.

ಗವಾಸ್ಕರ್ ಒಂದು ದಿನ ಮಾಡಿದ್ದನ್ನು ಬೇಸ್‌ಬಾಲಿನಲ್ಲಿ ದಿನವೂ ಮಾಡುವವರಿದ್ದಾರೆ. ಅಮೆರಿಕದ ಈ ಆಟವನ್ನು ನಮ್ಮ ಕಡೆ ನೋಡಿದವರು ಕಡಿಮೆ. ಅಲ್ಲಿ ನೆಲೆಸಿರುವ ನಮ್ಮ ಮನೆತನದ ಹುಡುಗರು ಅಕ್ಟೋಬರ್ ಬಂದರೆ ಫೋನಿನಲ್ಲಿ ಬೇರೇನೂ ಮಾತಾಡುವುದಿಲ್ಲವಾದ್ದರಿಂದ ನನಗೂ ಅಷ್ಟಿಷ್ಟು ತಲೆಗೆ ಹತ್ತಿದೆ. ಅಲ್ಲಿ ಚೆಂಡು ಎಸೆಯುವವನು ಪಿಚರ್. ಎಡಗೈ ಪಿಚರ್ ಬಂದರೆ ಬಲಗೈಯಿಂದ, ಬಲಗೈ ಪಿಚರ್ ಬಂದರೆ ಎಡಗೈಯಿಂದ ಆಡುವ ಎರಡು ಕೈಯ ಬ್ಯಾಟರುಗಳು ಅಲ್ಲಿ ಚಿಕ್ಕಂದಿನಿಂದಲೇ ತಯಾರಾಗುತ್ತಾರೆ. ಎದುರಿನ ಪಿಚರ್ ಯಾವ ಕೈಯವನು ಅನ್ನುವುದರ ಮೇಲೆ ಆ ದಿನದ ಬ್ಯಾಟಿಂಗ್ ಸರದಿಯನ್ನೇ ಬದಲಿಸುವ ಮ್ಯಾನೇಜರುಗಳಿದ್ದಾರೆ.

ಅಲ್ಲಿಯ ಅಭಿಮಾನಿ ಫೈನಲ್‌ಗೆ ಮುಂಚೆ ಕೇಳುವ ಮೊದಲ ಪ್ರಶ್ನೆ, ಮೊದಲ ದಿನ ಎಸೆಯುವವನು ಯಾರು ಎಂದು. ರನ್ ಹೊಡೆಯುವವರ ಮಾತು ಆಮೇಲೆ. ವರ್ಲ್ಡ್ ಸೀರೀಸ್ ಅಂದರೆ ಏಳು ಪಂದ್ಯಗಳ ಸರಣಿ, ನಾಲ್ಕು ಗೆದ್ದವರಿಗೆ ಪಟ್ಟ. ಈಗಿನ ಕಾಲದಲ್ಲಿ ಒಬ್ಬ ಮುಖ್ಯ ಪಿಚರ್ ಒಂದು ಪಂದ್ಯದಲ್ಲಿ ಸುಮಾರು ನೂರು ಚೆಂಡು ಎಸೆದ ಮೇಲೆ ಅವನಿಗೆ ನಾಲ್ಕೈದು ದಿನ ವಿಶ್ರಾಂತಿ ಕೊಡುವುದು ರೂಢಿ. ಹಾಗಾದರೆ ನಿಮ್ಮ ಅತ್ಯುತ್ತಮ ಪಿಚರನನ್ನು ಒಂದನೇ ಪಂದ್ಯಕ್ಕೆ ಇಳಿಸುತ್ತೀರೋ, ಎರಡಕ್ಕೋ? ಏಳನೇ ಪಂದ್ಯಕ್ಕೆ ಅವನು ಸಿಗುತ್ತಾನೋ ಇಲ್ಲವೋ? 1965ರಲ್ಲಿ ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡದ ಸ್ಯಾಂಡಿ ಕೂಫ್ಯಾಕ್ಸ್ ಮೊದಲ ಪಂದ್ಯ ಯಹೂದಿಯರ ಯೋಮ್ ಕಿಪ್ಪುರ್ ಹಬ್ಬದ ದಿನ ಬಿತ್ತೆಂದು ಆಡಲಿಲ್ಲ. ಡಾನ್ ಡ್ರೈಸ್‌ಡೇಲ್ ಎಸೆದರು, ತಂಡ ಸೋತಿತು. ಎರಡನೆಯದನ್ನು ಕೂಫ್ಯಾಕ್ಸ್ ಎಸೆದರು, ಅದೂ ಸೋಲು. ಐದನೆಯದನ್ನು ಅವರು ಗೆದ್ದರು. ಏಳನೇ ಪಂದ್ಯಕ್ಕೆ ಎರಡೇ ದಿನದ ವಿಶ್ರಾಂತಿಯಲ್ಲಿ ಮತ್ತೆ ಬಂದು ಮಿನ್ನೆಸೋಟಾಕ್ಕೆ ಒಂದೂ ರನ್ ಕೊಡದೆ 2-0ಯಿಂದ ಸರಣಿಯನ್ನೇ ಗೆದ್ದುಕೊಟ್ಟರು.

ಇದಕ್ಕೆ ಉಲ್ಟಾ ನಡೆದದ್ದು 2020ರಲ್ಲಿ. ಡಾಡ್ಜರ್ಸ್ ಮತ್ತು ಟ್ಯಾಂಪಾ ಬೇ ನಡುವಿನ ಆರನೇ ಪಂದ್ಯ. ಟ್ಯಾಂಪಾ ಸೋತರೆ ಸರಣಿ ಮುಗಿಯಿತು. ಅವರ ಎಡಗೈ ಪಿಚರ್ ಬ್ಲೇಕ್ ಸ್ನೆಲ್ ಅವತ್ತು ಯಾರ ಕೈಗೂ ಸಿಗುತ್ತಿರಲಿಲ್ಲ. ಒಂಬತ್ತು ಸಲ ಬ್ಯಾಟರುಗಳನ್ನು ಚೆಂಡು ಹೊಡೆಯಗೊಡದೆ ವಾಪಸು ಕಳಿಸಿದ್ದರು. ಡಾಡ್ಜರ್ಸ್‌ನ ಮೇಲಿನ ಮೂರು ಬ್ಯಾಟರುಗಳು ಎರಡೆರಡು ಸಲ ಬಂದು ಎರಡೂ ಸಲ ಹಾಗೆಯೇ ಹೋಗಿದ್ದರು. ಟ್ಯಾಂಪಾ 1-0 ಮುಂದಿತ್ತು. ಸ್ನೆಲ್ ಎಸೆದದ್ದು ಬರೀ 73 ಚೆಂಡು. ಆಗ ಮ್ಯಾನೇಜರ್ ಕೆವಿನ್ ಕ್ಯಾಶ್ ಮೈದಾನಕ್ಕೆ ನಡೆದು ಬಂದು ಅವರ ಕೈಯಿಂದ ಚೆಂಡು ತೆಗೆದುಕೊಂಡರು. ಕಾರಣ ಲೆಕ್ಕದ ಪುಸ್ತಕದಲ್ಲಿತ್ತು: ಒಂದೇ ಪಿಚರನನ್ನು ಬ್ಯಾಟರ್ ಮೂರನೇ ಸಲ ಎದುರಿಸುವಾಗ ಹೊಡೆತ ಬೀಳುವ ಸಂಭವ ಹೆಚ್ಚು. ಬದಲಿಗೆ ಬಂದ ನಿಕ್ ಆಂಡರ್ಸನ್‌ಗೆ ಮೂಕಿ ಬೆಟ್ಸ್ ಹೊಡೆದರು, ನೋಡನೋಡುತ್ತಿದ್ದಂತೆ ಎರಡು ರನ್ ಬಂದವು, ಡಾಡ್ಜರ್ಸ್ 3-1ರಿಂದ ಗೆದ್ದು ಪಟ್ಟ ಹೊತ್ತರು. ಬೇಸ್‌ಬಾಲಿನ ನಿಯಮದಲ್ಲಿ ಒಮ್ಮೆ ಹೊರಗೆ ಹೋದವನು ಆ ಪಂದ್ಯಕ್ಕೆ ಮರಳಿ ಬರುವಂತಿಲ್ಲ. ಸ್ನೆಲ್ ಕೂತು ನೋಡಬೇಕಾಯಿತು.

ಕ್ಯಾಶ್ ಅವರ ಲೆಕ್ಕ ಇಡೀ ಋತುವಿನ ಪಂದ್ಯಗಳ ಮಟ್ಟಿಗೆ ಸರಿಯೇ ಇದ್ದೀತು. ಅಂಥ ಲೆಕ್ಕಗಳ ಬಲದಿಂದಲೇ ಆ ಬಡ ತಂಡ ಅಲ್ಲಿಯ ತನಕ ಬಂದದ್ದು. ಆದರೂ ಒಬ್ಬನ ಕೈಯಲ್ಲಿ ಅವತ್ತು ಚೆಂಡು ಹೇಗೆ ಮಾತಾಡುತ್ತಿದೆ ಅನ್ನುವುದನ್ನು ಕಣ್ಣು ಹೇಳುತ್ತದೆ, ಪುಸ್ತಕ ಹೇಳುವುದಿಲ್ಲ. ಈ ಎರಡರಲ್ಲಿ ಯಾವುದನ್ನು ಕೇಳಬೇಕೆಂದರೆ, ಫೈನಲ್ ದಿನ ನಾನು ಕಣ್ಣಿನ ಕಡೆ. ಕ್ರಿಕೆಟ್ಟಿನ ನಾಯಕ ಪುಣ್ಯವಂತ. ಬೌಲರನನ್ನು ತೆಗೆದದ್ದು ತಪ್ಪಾಯಿತೆಂದು ಕಂಡರೆ ಎರಡು ಓವರ್ ಬಿಟ್ಟು ಇನ್ನೊಂದು ತುದಿಯಿಂದ ಕರೆತರಬಹುದು. ಐದು ಜನ ಬೌಲರುಗಳಿದ್ದರೆ ಹೀಗೆ ತಿದ್ದಿಕೊಳ್ಳುವ ಅವಕಾಶವೂ ಹೆಚ್ಚು. ನಾಲ್ವರೇ ಇದ್ದರೆ ಯಾರಿಗೆ ಉಸಿರಿದೆಯೋ ಅವರ ಕೈಗೆ ಚೆಂಡು ಕೊಡಬೇಕಾಗುತ್ತದೆ. ಅಲ್ಲಿ ನಾಯಕನ ಬುದ್ಧಿಗೆ ಕೆಲಸವೇ ಇಲ್ಲ.

ಇಷ್ಟು ಬೌಲರುಗಳನ್ನು ತುಂಬಿದರೆ ರನ್ ಯಾರು ಮಾಡಬೇಕು? ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ಪಕ್ಕದ ಗದಗಿನಲ್ಲೇ ಇದೆ. ಅಲ್ಲಿಂದ ಬೆಳಗಿನ ರೈಲು ಹಿಡಿದು ಹುಬ್ಬಳ್ಳಿಗೆ ಬಂದು ಆಡುತ್ತಿದ್ದ ಸುನಿಲ್ ಜೋಶಿ, ಎಡಗೈ ಸ್ಪಿನ್ನರ್. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಮೇಲೆ ಹತ್ತು ಓವರಿನಲ್ಲಿ ಆರು ಮೇಡನ್, ಆರೇ ರನ್, ಐದು ವಿಕೆಟ್. ಅದನ್ನು ನಮ್ಮ ಭಾಗದವರು ಯಾರೂ ಮರೆತಿಲ್ಲ. ನನ್ನ ಮಾತಿಗೆ ಅದಕ್ಕಿಂತ ಹೆಚ್ಚು ಬೇಕಾದದ್ದು 1995-96ರ ರಣಜಿ ಋತು. ಆ ಒಂದೇ ಋತುವಿನಲ್ಲಿ ಜೋಶಿ 500ಕ್ಕೂ ಹೆಚ್ಚು ರನ್ ಮಾಡಿ 50ಕ್ಕೂ ಹೆಚ್ಚು ವಿಕೆಟ್ ತೆಗೆದರು. ಹದಿಮೂರು ವರ್ಷ ಕೈಗೆ ಸಿಗದಿದ್ದ ಕಪ್ಪು ಆ ಋತುವಿನಲ್ಲೇ, ಚೆನ್ನೈಯಲ್ಲಿ ತಮಿಳುನಾಡಿನ ಮೇಲೆ, ಕರ್ನಾಟಕಕ್ಕೆ ಮರಳಿತು. ಏಳು, ಎಂಟನೇ ಜಾಗದಲ್ಲಿ ಇಂಥವನೊಬ್ಬ ನಿಂತರೆ ಬೌಲರ್ ಬೇಕೋ ಬ್ಯಾಟ್ಸ್‌ಮನ್ ಬೇಕೋ ಅನ್ನುವ ಜಗಳವೇ ಹುಟ್ಟುವುದಿಲ್ಲ.

2015ರ ಮಾರ್ಚ್ ತಿಂಗಳ ಫೈನಲ್ ಇನ್ನೂ ಹತ್ತಿರದ ಉದಾಹರಣೆ. ವಾಂಖೆಡೆಯಲ್ಲಿ ತಮಿಳುನಾಡು ಎದುರಾಳಿ. ಆ ಪಂದ್ಯ ಎಂದರೆ ಎಲ್ಲರೂ ಹೇಳುವುದು ಕರುಣ್ ನಾಯರ್ ಅವರ 328. ರಣಜಿ ಫೈನಲ್‌ನಲ್ಲಿ ಅದಕ್ಕಿಂತ ದೊಡ್ಡ ಮೊತ್ತವನ್ನು ಅಲ್ಲಿಯ ತನಕ ಯಾರೂ ಹೊಡೆದಿರಲಿಲ್ಲ. 84ಕ್ಕೆ ಐದು ವಿಕೆಟ್ ಬಿದ್ದಿದ್ದಾಗ ಕೆ.ಎಲ್. ರಾಹುಲ್ ಜೊತೆ ಅವರು 386 ರನ್ ಸೇರಿಸಿದರು, ರಾಹುಲ್ 188. ಎಲ್ಲಾ ನಿಜ. ಆದರೆ ಅದಕ್ಕೂ ಮೊದಲು ಏನಾಗಿತ್ತು? ತಮಿಳುನಾಡು 134ಕ್ಕೆ ಮುಗಿದಿತ್ತು. ನಾಯಕ ವಿನಯ್ ಕುಮಾರ್ ಐದು ವಿಕೆಟ್ ತೆಗೆದಿದ್ದರು. 84ಕ್ಕೆ ಐದು ಅನ್ನುವ ಸ್ಥಿತಿಯಲ್ಲೂ ಕರ್ನಾಟಕ ಬದುಕಿ ಉಳಿದದ್ದು ಎದುರಿಗೆ 134 ಮಾತ್ರ ಇದ್ದುದರಿಂದ. ಮುಂದೆ ಅದೇ ವಿನಯ್ ಬ್ಯಾಟ್ ಹಿಡಿದು ಬಂದು ಔಟಾಗದೆ 105 ಹೊಡೆದರು. ಕರ್ನಾಟಕ 762. ಇನ್ನಿಂಗ್ಸ್ ಮತ್ತು 217 ರನ್‌ಗಳ ಗೆಲುವು.

ಆ ಋತು ಮತ್ತು ಅದರ ಹಿಂದಿನ ಋತುವಿನ ಬೌಲಿಂಗ್ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿರಿ. ಚೆಂಡನ್ನು ಹೊರಕ್ಕೆ ತಿರುಗಿಸುವ ವಿನಯ್, ಎತ್ತರದಿಂದ ನೆಲಕ್ಕೆ ಬಡಿಯುವ ಮಿಥುನ್, ಎಡಗೈ ವೇಗಿ ಎಸ್. ಅರವಿಂದ್, ಲೆಗ್ ಸ್ಪಿನ್ನರ್ ಶ್ರೇಯಸ್ ಗೋಪಾಲ್. ಒಬ್ಬನಂತೆ ಇನ್ನೊಬ್ಬನಿಲ್ಲ. ಅರವಿಂದ್ ಎಡಗೈಯಿಂದ ಓಡಿ ಬಂದು ಬಂದು ಪಿಚ್ಚಿನಲ್ಲಿ ಕಾಲ ಗುರುತು ಮಾಡಿದರೆ, ಬಲಗೈ ಬ್ಯಾಟ್ಸ್‌ಮನ್ನನ ಆಫ್ ಸ್ಟಂಪಿನ ಹೊರಗೆ ಒರಟು ಜಾಗ ತಯಾರಾಗುತ್ತದೆ. ಸ್ಪಿನ್ನರ್ ಆಮೇಲೆ ಬಂದು ಅದೇ ಜಾಗಕ್ಕೆ ಚೆಂಡು ಹಾಕುತ್ತಾನೆ. ಒಬ್ಬ ಬೌಲರ್ ಇನ್ನೊಬ್ಬನಿಗೆ ಹೀಗೆ ಕೆಲಸ ಮಾಡಿಕೊಡುವುದು ಅಂಕಿಅಂಶದ ಪಟ್ಟಿಯಲ್ಲಿ ಕಾಣುವುದಿಲ್ಲ. ಶ್ರೇಯಸ್, ವಿನಯ್ ಇಬ್ಬರೂ ಬ್ಯಾಟ್ ಹಿಡಿಯಬಲ್ಲವರು. 2013-14, 2014-15 ಎರಡೂ ಋತುಗಳಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಕಪ್ಪುಗಳನ್ನು ಕರ್ನಾಟಕ ಮನೆಗೆ ತಂದದ್ದು ಈ ಸಾಲಿನ ಬಲದಿಂದ. ಬ್ಯಾಟಿಂಗ್ ಗಟ್ಟಿ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ರಾಹುಲ್, ಕರುಣ್, ಮನೀಶ್, ಉತ್ತಪ್ಪ ಇರುವ ತಂಡದಲ್ಲಿ ಅದರ ಚಿಂತೆ ಯಾರಿಗೆ?

ರಣಜಿ ಟ್ರೋಫಿಯನ್ನು ಕರ್ನಾಟಕ ಎಂಟು ಸಲ ಗೆದ್ದಿದೆ. ಮೊದಲನೆಯದು 1973-74ರಲ್ಲಿ. ಸತತವಾಗಿ ಹದಿನೈದು ವರ್ಷ ಗೆದ್ದ ಮುಂಬಯಿಯನ್ನು ಸೆಮಿಫೈನಲ್‌ನಲ್ಲಿ ಬೆಂಗಳೂರಿನಲ್ಲಿ ತಡೆದು, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿದ್ದು. ಆ ಸೆಮಿಫೈನಲ್‌ನಲ್ಲಿ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದಿದ್ದರೂ ಹಳಬರು ಇಂದಿಗೂ ಮೊದಲು ಹೇಳುವುದು ಪ್ರಸನ್ನ ಗವಾಸ್ಕರರನ್ನು ಬೌಲ್ಡ್ ಮಾಡಿದ ಆ ಒಂದು ಚೆಂಡನ್ನು. ನಾಯಕರೂ ಪ್ರಸನ್ನರೇ. ತಂಡಕ್ಕೆ ಬೌಲರ್ ಒಬ್ಬ ನಾಯಕನಾದರೆ ಐದನೇ ಬೌಲರನ ಜಾಗಕ್ಕೆ ಕತ್ತರಿ ಬೀಳುವುದು ಕಡಿಮೆ ಎಂದು ನನ್ನದೊಂದು ಅನುಮಾನ. ಇದಕ್ಕೆ ಪ್ರಸನ್ನ, ವಿನಯ್ ಇಬ್ಬರನ್ನು ಬಿಟ್ಟರೆ ಹೆಚ್ಚಿನ ಪುರಾವೆ ನನ್ನ ಬಳಿ ಇಲ್ಲ. ಆದರೂ ಹೇಳದೆ ಬಿಡಲು ಮನಸ್ಸಿಲ್ಲ.

ಇನ್ನು ನನ್ನ ಕಾಗದದ ವಿಷಯ. ನಾನು ತಂಡ ಬರೆಯುವುದು ಕೆಳಗಿನಿಂದ. ಹನ್ನೊಂದು, ಹತ್ತು, ಒಂಬತ್ತರಲ್ಲಿ ಮೂವರು ವೇಗಿಗಳು, ಸಾಧ್ಯವಿದ್ದರೆ ಅವರಲ್ಲೊಬ್ಬ ಎಡಗೈಯವನು. ಎಂಟರಲ್ಲಿ ಸ್ಪಿನ್ನರ್, ನಾಲ್ಕನೇ ದಿನ ಮಧ್ಯಾಹ್ನದ ಮೇಲೆ ಇಪ್ಪತ್ತು ಓವರ್ ಒಂದೇ ತುದಿಯಿಂದ ಹಾಕುವ ಗಟ್ಟಿಗ. ಏಳರಲ್ಲಿ ಜೋಶಿಯಂಥವನು. ಆರರಲ್ಲಿ ವಿಕೆಟ್‌ಕೀಪರ್. ಉಳಿದ ಐದು ಜಾಗ ಬ್ಯಾಟ್ಸ್‌ಮನ್ನರಿಗೆ, ಅವರಲ್ಲೊಬ್ಬ ಭಾರದ್ವಾಜನಂತೆ ಕೈ ತಿರುಗಿಸಬಲ್ಲವನಿದ್ದರೆ ಬಹಳ ಸಂತೋಷ. ಎರೆ ಮಣ್ಣೋ ಕೆಂಪು ಮಣ್ಣೋ ಅನ್ನುವುದನ್ನು ನೋಡಿ ವೇಗಿಯೊಬ್ಬನ ಜಾಗಕ್ಕೆ ಎರಡನೇ ಸ್ಪಿನ್ನರ್ ಬರಬಹುದು, ಬೌಲರುಗಳ ಸಂಖ್ಯೆ ಮಾತ್ರ ಐದಕ್ಕಿಂತ ಇಳಿಯಕೂಡದು. ಐದು ಜನ ಬ್ಯಾಟ್ಸ್‌ಮನ್ನರು ಸೇರಿ ಮಾಡಲಾಗದ ರನ್ನನ್ನು ಆರನೆಯವನು ಬಂದು ಮಾಡಿಕೊಡುತ್ತಾನೆ ಎಂದು ನಾನು ನಂಬುವುದಿಲ್ಲ.

ಕರ್ನಾಟಕ ಮುಂದಿನ ಸಲ ಫೈನಲ್‌ಗೆ ಬಂದಾಗ ನೀವೂ ಹೀಗೆ ಮಾಡಿ ನೋಡಿರಿ. ಬೆಳಿಗ್ಗೆ ತಂಡದ ಪಟ್ಟಿ ಬಂದ ಕೂಡಲೇ ಆರಂಭಿಕ ಬ್ಯಾಟ್ಸ್‌ಮನ್ನರ ಹೆಸರು ಹುಡುಕಬೇಡಿರಿ. ಕೆಳಗಿನ ಐದು ಹೆಸರು ಓದಿರಿ. ಅಲ್ಲಿ ಐವರೂ ಬೌಲ್ ಮಾಡುವವರೇ ಇದ್ದರೆ, ರೇಡಿಯೋ ಹಚ್ಚಿ ನೆಮ್ಮದಿಯಿಂದ ಕೂಡ್ರಿರಿ. ನಾಲ್ವರೇ ಇದ್ದರೆ ನನಗೊಂದು ಕಾರ್ಡು ಬರೆಯಿರಿ, ಜಗಳ ಮುಂದುವರಿಸೋಣ.